ಪಕ್ಕದವರ ಕಡಲು

ಜನವರಿ ೮

ಅಕ್ಕಾ,

ಫೋನ್ ಮಾಡಿದರೆ "ಮೀಟಿಂಗಲ್ಲಿದೀನಿ ಕಣೇ" ಅಂತ ಇಟ್ಟುಬಿಡುತ್ತೀಯ. ಅದಕ್ಕೇ ಈ ಕಾಗದ, ಅದೂ ಆಫೀಸಿಗಲ್ಲ, ಮನೆಗೆ. ನೀನು ಎಷ್ಟೇ ತಪ್ಪಿಸಿಕೊಂಡರೂ ಅಮ್ಮ ನಿನ್ನ ಕೈಯಲ್ಲಿ ಓದಿಸದೆ ಬಿಡುವುದಿಲ್ಲ.

ನಿನ್ನ ಸುತ್ತೋಲೆ ಬಂತು. ಕರಾವಳಿಯ ಉದ್ದಕ್ಕೂ ಇರುವುದು ಐದು ಸಂಶೋಧನಾ ಕೇಂದ್ರ, ಎಲ್ಲರಿಗೂ ಸೇರಿ ಒಂದೇ ದೋಣಿ, ಮುಂದಿನ ಐದು ವರ್ಷಕ್ಕೆ ಮೂರೇ ಮೂರು ವಿಷಯ. ಯಾವ ಮೂರು ಅನ್ನುವುದನ್ನು ಎಲ್ಲರೂ ಒಟ್ಟಿಗೆ ಕೂತು ತೀರ್ಮಾನಿಸಬೇಕು. ಇಷ್ಟು ನನಗೂ ಗೊತ್ತಿತ್ತು. ಆದರೆ ಯಾರೂ ತಮ್ಮ ವಿಷಯಕ್ಕೆ ವಾದಿಸುವಂತಿಲ್ಲ, ಪಕ್ಕದ ಕೇಂದ್ರದಲ್ಲಿ ಹತ್ತು ದಿನ ಇದ್ದು ಬಂದು ಅವರ ಪರವಾಗಿ ವಾದಿಸಬೇಕು, ಮಾತಿನ ನಡುವೆ ತಮ್ಮ ಕೇಂದ್ರದ ವಿಷಯ ಎತ್ತಿದರೆ ಗಂಟೆ ಬಾರಿಸಿ ಕೂರಿಸಲಾಗುವುದು! ಈ ಬುದ್ಧಿ ಯಾರಿಗೆ ಹೊಳೆಯಿತು ಎಂದು ಕೇಳುವ ಕಷ್ಟವಿಲ್ಲ. ಕೆಳಗೆ 'ಸಂಚಾಲಕಿ' ಅಂತ ನಿನ್ನ ದುಂಡು ಸಹಿಯಿದೆ.

ನನ್ನ ಪಕ್ಕದವರು ಯಾರು ಅಂತ ಮರೆತೆಯಾ? ಚಿಪ್ಪಿನ ಮೇಷ್ಟ್ರು! ಬಂಡೆಗೆ ಅಂಟಿಕೊಂಡು ಬೆಳೆಯುವ ಕಪ್ಪು ಚಿಪ್ಪುಗಳ ಬಗ್ಗೆ ಇಪ್ಪತ್ತು ವರ್ಷದಿಂದ ಬರೆಯುತ್ತಿರುವ ಮನುಷ್ಯ. ಹೋದ ವರ್ಷ ತುಂಬಿದ ಸಭೆಯಲ್ಲಿ ನನ್ನ ಕೇಂದ್ರದ ಸರದಿ ಬಂದಾಗ, "ಅವರದೇನು ಬಿಡಿ, ಮರಳು ಎಣಿಸ್ತಾ ಇರ್ತಾರೆ" ಅಂದವರು. ಈಗ ನಾನು ಅವರ ಚಿಪ್ಪಿನ ಗುಣಗಾನ ಮಾಡಬೇಕು, ಅವರು ಬಂದು ನನ್ನ ಮರಳನ್ನು ಉದ್ಧಾರ ಮಾಡಬೇಕು.

ತಮಾಷೆ ಸಾಕು. ಐದರಲ್ಲಿ ನಮ್ಮದೇ ಚಿಕ್ಕ ಕೇಂದ್ರ. ಮೂರು ವಿಷಯಗಳಲ್ಲಿ ಮರಳು ಸೇರದಿದ್ದರೆ ಜೂನ್ ಕೊನೆಗೆ ನಮ್ಮ ಬಾಗಿಲಿಗೆ ಬೀಗ. ಇದು ಗೊತ್ತಿದ್ದೂ ನನ್ನ ಬಾಯಿ ಕಟ್ಟಿ ನನ್ನ ಮಾತನ್ನು ಆ ಮನುಷ್ಯನ ಕೈಗೆ ಕೊಟ್ಟೆಯಲ್ಲ, ನಿನಗೆ ನಾನೇನು ಅನ್ಯಾಯ ಮಾಡಿದ್ದೆ ಹೇಳು?

ಮುಖ ಊದಿಸಿಕೊಂಡಿರುವ
ನಿನ್ನ ತಂಗಿ

•

ಜನವರಿ ೧೭

ಪುಟ್ಟೀ,

ಮುಖ ಊದಿಸಿಕೊಂಡರೆ ನೀನು ಚೆನ್ನಾಗಿ ಕಾಣಿಸುವುದಿಲ್ಲ, ಮೊದಲು ಅದನ್ನು ಇಳಿಸು.

ಮೂರು ವರ್ಷದಿಂದ ಈ ಸಭೆ ನಡೆಸುತ್ತಿದ್ದೇನೆ. ಮೀನು ಕೇಂದ್ರದವರಿಗೆ ಕಡಲು ಎಂದರೆ ಮೀನು, ಪಾಚಿ ಕೇಂದ್ರದವರಿಗೆ ಪಾಚಿ, ನೀರು ಪರೀಕ್ಷೆಯವರಿಗೆ ನೀರು. ಒಬ್ಬರು ಮಾತಾಡುವಾಗ ಉಳಿದ ನಾಲ್ವರು ತಮ್ಮ ಸರದಿಯ ಚೀಟಿ ತಿದ್ದುತ್ತಾ ಕೂತಿರುತ್ತಾರೆ. ಹೋದ ಸಲ ನೀನೂ ತಿದ್ದುತ್ತಿದ್ದೆ, ನಾನು ನೋಡಿದ್ದೇನೆ. ಕೊನೆಗೆ ಯಾರ ಗಂಟಲು ದೊಡ್ಡದೋ ಅವರ ವಿಷಯ ಪಟ್ಟಿಗೆ ಸೇರುತ್ತಿತ್ತು. ನಿನ್ನ ಗಂಟಲು ಎಷ್ಟು ದೊಡ್ಡದು ಅಂತ ನಾನು ಹೇಳಬೇಕೇ? ಈ ಹೊಸ ನಿಯಮದಿಂದ ನಿನಗೆ ನಷ್ಟವಿಲ್ಲ, ಯೋಚಿಸಿ ನೋಡು.

ಇನ್ನೊಂದು ಮಾತು, ಸರಿಯಾಗಿ ಕೇಳಿಸಿಕೋ. ನೀನು ನನ್ನ ತಂಗಿ ಅನ್ನುವುದು ಎಲ್ಲರಿಗೂ ಗೊತ್ತು. ನಿನ್ನ ಕಡೆ ನಾನು ಎಳ್ಳಷ್ಟು ವಾಲಿದರೂ ಗೆದ್ದ ಮೇಲೂ ನೀನು ಗೆದ್ದಂತಲ್ಲ. "ಅಕ್ಕ ಮಾಡಿಕೊಟ್ಟಳು" ಅನ್ನುತ್ತಾರೆ. ಅದಕ್ಕೇ ಮರಳಿನ ಸರದಿ ಕೊನೆಗೆ ಬರುತ್ತದೆ, ಅದು ಬಂದ ಕೂಡಲೇ ನಾನು ಗಂಟೆಯನ್ನು ಪಾಚಿ ಕೇಂದ್ರದ ಹಿರಿಯರ ಕೈಗೆ ಕೊಟ್ಟು ಸಭೆಯಿಂದ ಎದ್ದು ಹೊರಗೆ ಹೋಗುತ್ತೇನೆ. ಅಲ್ಲಿಯವರೆಗೆ ನಿನ್ನ ಕೇಂದ್ರದ ಬಗ್ಗೆ ನನ್ನ ಬಾಯಿಂದ ಒಂದಕ್ಷರವೂ ಬರುವುದಿಲ್ಲ, ಕೆಟ್ಟದ್ದೂ ಇಲ್ಲ, ಒಳ್ಳೆಯದೂ ಇಲ್ಲ.

ಅಮ್ಮ ಪಕ್ಕದಲ್ಲೇ ಕೂತಿದ್ದಾಳೆ. ಚಿಪ್ಪಿನ ಮೇಷ್ಟ್ರಿಗೆ ಮದುವೆ ಆಗಿದೆಯಾ ಅಂತ ಕೇಳುತ್ತಿದ್ದಾಳೆ. ಇದು ಅವಳ ಪ್ರಶ್ನೆ, ನನ್ನದಲ್ಲ. ನನಗೆ ಉತ್ತರ ಗೊತ್ತು.

ನಿನ್ನ ಅಕ್ಕ

•

ಫೆಬ್ರವರಿ ೧೩
ಚಿಪ್ಪು ಕೇಂದ್ರದಿಂದ

ಅಕ್ಕಾ,

ಬಂದು ನಾಲ್ಕು ದಿನವಾಯಿತು. ನಿನ್ನ ಸುತ್ತೋಲೆಯ ಪ್ರಕಾರ ನಾನು ಇಲ್ಲಿಗೆ ಬಂದ ದಿನವೇ ಅವರು ಅಲ್ಲಿಗೆ ಹೊರಟುಹೋಗಿದ್ದಾರೆ. ಬೀಗದ ಕೈಯನ್ನು ಕಾವಲುಗಾರನ ಹತ್ತಿರ ಬಿಟ್ಟಿದ್ದರು. ಅವರ ಮನೆಯಲ್ಲಿ ನಾನು, ನನ್ನ ಮನೆಯಲ್ಲಿ ಅವರು. ಮುಖಾಮುಖಿ ಆಗಿದ್ದರೆ ಜಗಳವಾದರೂ ಆಡಬಹುದಿತ್ತು, ಇದು ಅದಕ್ಕಿಂತ ಫಜೀತಿ.

ಈ ಮನುಷ್ಯ ಎಲ್ಲದಕ್ಕೂ ಚೀಟಿ ಅಂಟಿಸುತ್ತಾರೆ ಅಕ್ಕ! ಸಕ್ಕರೆ ಡಬ್ಬಿಗೆ 'ಸಕ್ಕರೆ' ಅಂತ ಇರಲಿ, ಒಪ್ಪೋಣ. ಕಿಟಕಿಗೆ 'ಎಡಕ್ಕೆ ತಳ್ಳಿ'. ಪೊರಕೆ ನೇತುಹಾಕುವ ಮೊಳೆಯ ಪಕ್ಕ 'ಪೊರಕೆ'. ಸ್ನಾನದ ಮನೆಯ ನಲ್ಲಿಗೆ 'ಸ್ವಲ್ಪ ಹಠಮಾರಿ, ತಾಳ್ಮೆ ಇರಲಿ'. ಮೊದಲ ದಿನ ಒಬ್ಬಳೇ ಬಿದ್ದೂ ಬಿದ್ದೂ ನಕ್ಕೆ. ಎರಡನೇ ದಿನ ನಲ್ಲಿಯ ಮುಂದೆ ನಿಂತು ತಾಳ್ಮೆ ಕಲಿತೆ. ಮೂರನೇ ದಿನ ಅಡುಗೆಮನೆಯಲ್ಲಿ ಏನೋ ಹುಡುಕಬೇಕಾದಾಗ ಚೀಟಿ ಓದಿ ಸೀದಾ ಕೈಹಾಕಿದೆ, ಸಿಕ್ಕಿತು. ನಮ್ಮ ಮನೆಯಲ್ಲಿ ಅವರು ಕತ್ತರಿ ಹುಡುಕುತ್ತಾ ಇನ್ನೂ ಒದ್ದಾಡುತ್ತಿರಬೇಕು ಅನ್ನಿಸಿ ಸ್ವಲ್ಪ ಪಾಪ ಅನ್ನಿಸಿತು. ಸ್ವಲ್ಪವೇ.

ನಿನ್ನೆ ನೀರು ಇಳಿದಾಗ ಇಲ್ಲಿನ ಹುಡುಗಿಯೊಬ್ಬಳು, ಅವರ ಸಹಾಯಕಿ, ಬಂಡೆಗಳ ಮೇಲೆ ಕರೆದುಕೊಂಡು ಹೋದಳು. ಹಳೆಯ ಫೋಟೋಗಳಲ್ಲಿ ಆ ಬಂಡೆ ಕಾಣಿಸುವುದೇ ಇಲ್ಲ, ಕಂಬಳಿ ಹೊದಿಸಿದಂತೆ ಮೇಲೆಲ್ಲಾ ಚಿಪ್ಪು. ಈಗ ಅಲ್ಲೊಂದು ಇಲ್ಲೊಂದು ಗುಂಪು ಬಿಟ್ಟರೆ ಬರೀ ಕಲ್ಲು. "ಎರಡು ವರ್ಷದಿಂದ ಹೀಗೇ ಮೇಡಂ. ಯಾಕೆ ಅಂತ ಗೊತ್ತಾಗ್ತಿಲ್ಲ. ಸರ್ ಸರಿಯಾಗಿ ನಿದ್ದೆ ಮಾಡಲ್ಲ" ಅಂದಳು. ನಾನು ಒಂದು ಗುಂಪಿನ ಪಕ್ಕ ಕೂತು ನೋಡಿದೆ. ಅಲೆ ಬಂದಾಗೆಲ್ಲ ಅವು ಬಾಯಿ ಮುಚ್ಚುತ್ತವೆ, ಆಮೇಲೆ ಒಂದೊಂದಾಗಿ ತೆರೆಯುತ್ತವೆ. ಎಷ್ಟು ಹೊತ್ತು ಕೂತಿದ್ದೆನೋ, ಸೀರೆ ಸೆರಗೆಲ್ಲ ಒದ್ದೆ.

ಈಗ ನನಗೊಂದು ಭಯ ಹುಟ್ಟಿದೆ. ಅವರ ಪರವಾಗಿ ನಾನು ಚೆನ್ನಾಗಿ ವಾದಿಸಿಬಿಡುತ್ತೇನೆ. ಅವರು ನನ್ನ ಪರವಾಗಿ ಬಾಯಿಗೆ ಬಂದದ್ದು ಹೇಳಿ ಕೂತರೆ ನನ್ನ ಗತಿ ಏನು?

ಅಮ್ಮನ ಪ್ರಶ್ನೆಗೆ: ಮನೆಯಲ್ಲಿ ಒಂದೇ ತಟ್ಟೆ, ಒಂದೇ ಲೋಟ ಇದೆ. ಎರಡಕ್ಕೂ ಚೀಟಿ ಇದೆ.

ತಂಗಿ

•

ಫೆಬ್ರವರಿ ೨೦
ಮರಳು ಕೇಂದ್ರದಿಂದ

ಮಾನ್ಯ ಸಂಚಾಲಕಿಯವರಿಗೆ,

ನಿಯಮದಂತೆ ಹತ್ತು ದಿನ ಇಲ್ಲಿ ಕಳೆದು ವರದಿ ಮಾಡುತ್ತಿದ್ದೇನೆ. ಮೊದಲಿಗೆ, ಈ ಮನೆಯಲ್ಲಿ ಯಾವ ವಸ್ತು ಎಲ್ಲಿದೆ ಎಂಬುದು ಇಲ್ಲಿ ವಾಸಿಸುವವರಿಗೆ ಮತ್ತು ದೇವರಿಗೆ ಮಾತ್ರ ಗೊತ್ತು. ಕತ್ತರಿ ಅಕ್ಕಿ ಡಬ್ಬದಲ್ಲಿತ್ತು. ಕೆಲವು ಕಡೆ ಚೀಟಿ ಅಂಟಿಸಿದ್ದೇನೆ, ಅವರು ಬೇಸರಿಸಿಕೊಳ್ಳಬಾರದು.

ಎರಡನೆಯದು, ನನ್ನಿಂದ ಒಂದು ತಪ್ಪಾಗಿದೆ. ಇವರ ಪ್ರಯೋಗಶಾಲೆಯಲ್ಲಿ ಒಂದು ಗೋಡೆ ಪೂರ್ತಿ, ನದಿ ಕಡಲಿಗೆ ಸೇರುವ ಬಾಯಿಯಿಂದ ತಂದ ಮರಳಿನ ಬಾಟಲಿಗಳಿವೆ, ಎಂಟು ವರ್ಷದವು. ಅವು ನನ್ನ ಕಣ್ಣಿಗೆ ಅಡ್ಡಾದಿಡ್ಡಿಯಾಗಿ ಕಂಡವು. ಸುಮ್ಮನೆ ಕೂರಲಾಗದೆ ಎರಡು ದಿನ ಕೂತು ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿದೆ. ಆಮೇಲೆ ಇಲ್ಲಿನ ಸಿಬ್ಬಂದಿ, "ಅಯ್ಯೋ ಸಾರ್, ಅವು ತೀರದ ಮೇಲಿನ ಜಾಗದ ಪ್ರಕಾರ ಇದ್ದವು, ಮೇಡಂ ನಿಮ್ಮನ್ನ ಉಳಿಸಲ್ಲ" ಎಂದರು. ಮರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬುದೇ ಇವರ ಪ್ರಶ್ನೆಯಾದ್ದರಿಂದ ಅದು ಸರಿಯಾದ ಕ್ರಮವೇ ಆಗಿತ್ತು. ತಲೆ ತಗ್ಗಿಸಿದ್ದೇನೆ.

ಆದರೆ ಮೇಡಂ, ಇಂದು ಬೆಳಿಗ್ಗೆ ಚಹಾ ಹಿಡಿದು ಆ ಗೋಡೆಯ ಮುಂದೆ ನಿಂತಾಗ ಕೈಯಲ್ಲಿದ್ದ ಲೋಟ ಹಾಗೇ ನಿಂತಿತು. ಮೊದಲ ಸಾಲುಗಳ ಮರಳು ಕಂದು. ನಾಲ್ಕು ವರ್ಷದ ಹಿಂದಿನ ಸಾಲಿನಿಂದ ಅದಕ್ಕೆ ಬಿಳುಪು ಸೇರುತ್ತದೆ, ನೀಲಿ ಬೆರೆತ ಬಿಳುಪು, ವರ್ಷದಿಂದ ವರ್ಷಕ್ಕೆ ಹೆಚ್ಚು. ಹಳೆಯ ಕ್ರಮದಲ್ಲಿ ಪ್ರತಿ ಜಾಗದ ಬಾಟಲಿಗಳು ಒಂದರ ಹಿಂದೊಂದು ಇದ್ದುದರಿಂದ ಇದು ಯಾರ ಕಣ್ಣಿಗೂ ಬಿದ್ದಿಲ್ಲ. ಭೂತಗನ್ನಡಿ ಹಿಡಿದು ನೋಡಿದೆ. ಪುಡಿಯಾದ ಚಿಪ್ಪು. ನನ್ನ ಚಿಪ್ಪು. ನನ್ನ ಬಂಡೆಗಳು ಬೋಳಾಗುತ್ತಿವೆ ಎಂದು ನನಗೆ ತಿಳಿದದ್ದು ಎರಡು ವರ್ಷದ ಹಿಂದೆ. ಈ ಮರಳಿಗೆ ಅದಕ್ಕೂ ಎರಡು ವರ್ಷ ಮೊದಲೇ ಗೊತ್ತಿತ್ತು. ಮರಳು ಎಣಿಸುವುದರ ಬಗ್ಗೆ ನಾನು ಆಡಿದ ಮಾತನ್ನು ಈ ಮೂಲಕ ಹಿಂದಕ್ಕೆ ಪಡೆಯುತ್ತೇನೆ.

ಈ ಕೇಂದ್ರ ಯಾಕೆ ಉಳಿಯಬೇಕು ಎನ್ನಲು ಇದಕ್ಕಿಂತ ದೊಡ್ಡ ಕಾರಣ ನನಗೆ ಕಾಣುವುದಿಲ್ಲ. ಆದರೆ ಹೇಳಿದರೆ ನನ್ನ ಚಿಪ್ಪಿನ ಮಾತು ಬರುತ್ತದೆ, ಗಂಟೆ ಬಾರಿಸುತ್ತಾರೆ. ನಾನೇನು ಮಾಡಬೇಕು ಎಂದು ದಯವಿಟ್ಟು ತಿಳಿಸಿ.

ಇಂತಿ ತಮ್ಮ ವಿಶ್ವಾಸಿ,
ಚಿಪ್ಪು ಕೇಂದ್ರದ ಮುಖ್ಯಸ್ಥ

ಮರೆತ ವಿಷಯ: ಇವರ ಓದುವ ಕನ್ನಡಕದ ಮೇಲೆ ನಾನು ಕೂತುಬಿಟ್ಟೆ. ಹೊಸದು ತರಿಸುತ್ತಿದ್ದೇನೆ. ಅದು ಬರುವವರೆಗೆ ಅವರಿಗೆ ಹೇಳಬೇಡಿ.

•

ಫೆಬ್ರವರಿ ೨೪

ಅಕ್ಕಾ,

ಮನೆಗೆ ಬಂದೆ. ಪ್ರಯೋಗಶಾಲೆಯ ಬಾಗಿಲು ತೆಗೆದವಳು ಗೋಡೆ ನೋಡಿ ಕಿರುಚಿದ ಶಬ್ದಕ್ಕೆ ಪಕ್ಕದ ಅಂಗಡಿಯವರು ಓಡಿಬಂದರು. ಎಂಟು ವರ್ಷ ಅಕ್ಕ! ಎಂಟು ವರ್ಷ ನಾನು ಜೋಡಿಸಿಟ್ಟದ್ದನ್ನು ಆ ಪುಣ್ಯಾತ್ಮ ಎರಡು ದಿನದಲ್ಲಿ ಗುಡಿಸಿಹಾಕಿದರು. ಕೈಗೆ ಸಿಕ್ಕಿದ್ದರೆ ಅವರಿಗೇ ಒಂದು ಚೀಟಿ ಅಂಟಿಸಿ ಕಪಾಟಿಗೆ ಸೇರಿಸುತ್ತಿದ್ದೆ.

ಆಮೇಲೆ ಕೂತು ನೋಡಿದೆ. ನೋಡುತ್ತಾ ನೋಡುತ್ತಾ ಕಣ್ಣು ತುಂಬಿತು. ನಾನು ಜರಡಿ ಹಿಡಿದು ಕಾಳು ದಪ್ಪವೋ ಸಣ್ಣವೋ ಎಂದು ಬರೆದಿಡುವವಳು, ಬಣ್ಣದ ಕಡೆ ಗಮನವೇ ಕೊಟ್ಟಿರಲಿಲ್ಲ. ಎಲ್ಲ ನನ್ನ ಕಣ್ಣೆದುರಿಗೇ ಇತ್ತು.

ಅವರು ನಿನಗೆ ಬರೆದಿರುವುದು ಗೊತ್ತು, ಮೇಜಿನ ಮೇಲೆ ನನಗೂ ಒಂದು ಚೀಟಿ ಬಿಟ್ಟಿದ್ದಾರೆ. ಈಗ ಕೇಳು. ನಿಯಮವನ್ನು ಒಂದು ಸಲ, ಒಂದೇ ಒಂದು ಸಲ ಸಡಿಲಿಸು. ಅವರು ಚಿಪ್ಪಿನ ಮಾತು ಎತ್ತಲಿ, ನಾನು ಮರಳಿನ ಮಾತು ಎತ್ತುತ್ತೇನೆ. ಇದನ್ನು ಹೇಳದೆ ನಮ್ಮ ಕೇಂದ್ರ ಉಳಿಯುವುದಿಲ್ಲ ಅಕ್ಕ. ಇಲ್ಲಿ ನನ್ನ ಜೊತೆ ಇನ್ನೂ ಮೂವರಿದ್ದಾರೆ. ಅವರ ಮುಖ ನೋಡಿ ಕೇಳುತ್ತಿದ್ದೇನೆ.

ತಂಗಿ

•

ಮಾರ್ಚ್ ೩

ಪುಟ್ಟೀ,

ಆಗುವುದಿಲ್ಲ.

ಮೇಷ್ಟ್ರಿಗೂ ಇದನ್ನೇ ಬರೆದೆ. ನಾಲ್ವರ ಬಾಯಿ ಕಟ್ಟಿ ನನ್ನ ತಂಗಿಯ ವಿಷಯ ಬಂದಾಗ ಮಾತ್ರ ಗಂಟು ಬಿಚ್ಚಿದರೆ ನಾನು ಆ ಕುರ್ಚಿಯಲ್ಲಿ ಯಾವ ಮುಖ ಹೊತ್ತು ಕೂರಲಿ? ಮೀನು ಕೇಂದ್ರದ ಮೇಡಂ ಪಾಚಿಯ ಜೊತೆ ಹತ್ತು ದಿನ ಇದ್ದು ಬಂದಿದ್ದಾರೆ, ಅವರಿಗೂ ತಮ್ಮ ಮೀನಿನ ಬಗ್ಗೆ ಹೇಳಲು ಏನೋ ಸಿಕ್ಕಿರಬಹುದು. ಅವರು ಕೇಳಿಲ್ಲ.

ನಿಮ್ಮ ಇಬ್ಬರಿಗೂ ಗೊತ್ತಿರುವುದನ್ನು ಇನ್ನೊಬ್ಬರು ಕಂಡುಕೊಳ್ಳುವಂತೆ ಮಾಡಬಹುದು. ಅದು ಹೇಗೆ ಅಂತ ನನ್ನನ್ನು ಕೇಳಬೇಡ. ಇಷ್ಟು ಬರೆದದ್ದೇ ಜಾಸ್ತಿಯಾಯಿತು.

ಅಕ್ಕ

•

ಮಾರ್ಚ್ ೨೬

ಮಗಳೇ,

ನಾನು ಅಕ್ಕತಂಗಿಯರ ಮಧ್ಯೆ ಬಾಯಿ ಹಾಕುವವಳಲ್ಲ. ಆದರೂ ಬರೆಯುತ್ತಿದ್ದೇನೆ.

ನಿನ್ನಿಂದ ಕಾಗದವಿಲ್ಲ. ಅವಳು ದಿನಾ ಅಂಚೆ ಡಬ್ಬಿ ಇಣುಕಿ ನೋಡಿ, ನೋಡಲೇ ಇಲ್ಲ ಅನ್ನುವ ಹಾಗೆ ಒಳಗೆ ಬರುತ್ತಾಳೆ. ನಿನ್ನ ಭಾವನ ಮೇಲೆ ಕಾರಣವಿಲ್ಲದೆ ರೇಗುತ್ತಾಳೆ. ಪಾಪ, ಹಲ್ಲಿನ ಡಾಕ್ಟರು, ಇಡೀ ದಿನ ಬೇರೆಯವರ ಬಾಯಿ ತೆರೆಸಿ ಬಂದು ಇಲ್ಲಿ ತಮ್ಮ ಬಾಯಿ ಮುಚ್ಚಿಕೊಂಡು ಕೂರುತ್ತಾರೆ. ಮೊನ್ನೆ ನಾನು, "ನಿನ್ನ ನಿಯಮ ನಿನಗೇ ಚುಚ್ತಾ ಇದೆ ಅಲ್ವೇನೇ?" ಅಂದೆ. "ಅಮ್ಮಾ, ಚುಚ್ಚದೆ ಇದ್ರೆ ಅದು ನಿಯಮಾನೇ ಅಲ್ಲ" ಅಂದಳು. ಮಾತಿಗೇನೂ ಕಮ್ಮಿಯಿಲ್ಲ. ಆಮೇಲೆ ಅಡುಗೆಮನೆಗೆ ಹೋಗಿ ಮೂಗು ಸೀನಿದಳು, ಈರುಳ್ಳಿ ಹೆಚ್ಚುತ್ತಿದ್ದದ್ದು ನಾನು, ಅವಳಲ್ಲ.

ಸಭೆಗೆ ಬರುವಾಗ ಒಂದು ದಿನ ಮೊದಲೇ ಮನೆಗೆ ಬಾ. ಬರುವುದಿಲ್ಲ ಅಂದರೆ ಸಭೆ ಮುಗಿದ ಮೇಲಾದರೂ ಬಾ. ಆ ಮೇಷ್ಟ್ರನ್ನೂ ಕರೆದುಕೊಂಡು ಬಂದರೆ ನಮ್ಮಲ್ಲಿ ತಟ್ಟೆ ಬೇಕಾದಷ್ಟಿವೆ.

ಅಮ್ಮ

•

ಏಪ್ರಿಲ್ ೧೪

ಅಕ್ಕಾ,

ಕಾಗದ ಬರೆಯಲಿಲ್ಲ, ಸಭೆಯ ಹಿಂದಿನ ದಿನ ಮನೆಗೂ ಬರಲಿಲ್ಲ. ನಿನ್ನ ಮೇಲೆ ಕೋಪ ಇತ್ತು, ಸುಳ್ಳು ಯಾಕೆ ಹೇಳಲಿ. ಸಭೆ ಮುಗಿದ ಮೇಲೆ ಕೊನೆಯ ಬಸ್ಸಿಗೆ ಓಡಬೇಕಾಯಿತು, ಆ ಗಡಿಬಿಡಿಯಲ್ಲಿ ನಿನಗೆ ಏನೂ ಹೇಳಲಿಲ್ಲ. ಫಲಿತಾಂಶವನ್ನು ಪಾಚಿಯ ಹಿರಿಯರು ಓದಿ ಹೇಳಿರುತ್ತಾರೆ. ಆದರೆ ನೀನು ಎದ್ದು ಹೋದ ಮೇಲೆ ಒಳಗೆ ನಡೆದದ್ದನ್ನು ಅವರು ಹೇಳಿರಲಾರರು, ಅವರಿಗೆ ಎಲ್ಲವನ್ನೂ ಎರಡೇ ವಾಕ್ಯದಲ್ಲಿ ಹೇಳುವ ಚಟ.

ನಾನು ಚಿಪ್ಪಿನ ಪರವಾಗಿ ವಾದಿಸಿದ್ದನ್ನು ನೀನು ಕೇಳಿದೆ. ಚೆನ್ನಾಗಿತ್ತಲ್ಲ? ಹೇಳಬೇಡ, ನನಗೆ ಗೊತ್ತು. ಮಾತಿನ ನಡುವೆ ಎರಡು ಸಲ ಮರಳು ನಾಲಿಗೆಯ ತುದಿಗೆ ಬಂತು, ಎರಡೂ ಸಲ ನುಂಗಿಕೊಂಡೆ. ನಿನ್ನ ಕೈ ಗಂಟೆಯ ಮೇಲೇ ಇತ್ತು. ಸ್ವಂತ ತಂಗಿ!

ನೀನು ಹೊರಗೆ ಹೋದೆ. ಮೇಷ್ಟ್ರು ಎದ್ದರು. ಒಂದು ಮಾತೂ ಇಲ್ಲ. ನಮ್ಮ ಕೇಂದ್ರದಿಂದ ತರಿಸಿಕೊಂಡು ಕಾಲ ಬುಡದಲ್ಲಿ ಇಟ್ಟುಕೊಂಡಿದ್ದ ಪೆಟ್ಟಿಗೆ ತೆಗೆದು ಬಾಟಲಿಗಳನ್ನು ಮೇಜಿನ ಮೇಲೆ ಇಡುತ್ತಾ ಹೋದರು. ವರ್ಷಕ್ಕೊಂದು, ತಾರೀಖಿನ ಚೀಟಿ ಎದುರಿಗೆ. ಕೊನೆಗೆ, "ಇದು ನದಿ ಬಾಯಿಯ ಮರಳು. ಇಂಥ ದಾಖಲೆ ಈ ತೀರದಲ್ಲಿ ಬೇರೆ ಯಾರ ಹತ್ರಾನೂ ಇಲ್ಲ. ನೋಡಿ. ಇದಕ್ಕಿಂತ ಹೆಚ್ಚು ಹೇಳೋ ಹಾಗಿಲ್ಲ ನಾನು" ಅಂದು ಕೂತುಬಿಟ್ಟರು. ಅಷ್ಟೇ! ಹತ್ತು ನಿಮಿಷ ಸಮಯವಿದ್ದ ಮನುಷ್ಯ! ಮುಗಿಯಿತು ನಮ್ಮ ಕಥೆ, ಜೂನಿಗೆ ಬೀಗ ಅಂದುಕೊಂಡೆ.

ಪಾಚಿಯ ಹಿರಿಯರು ಗಂಟೆ ಹಿಡಿದು ಬಾರಿಸಬೇಕೋ ಬೇಡವೋ ತಿಳಿಯದೆ ಸುತ್ತ ನೋಡುತ್ತಿದ್ದರು. ಅಷ್ಟರಲ್ಲಿ ಮೀನು ಕೇಂದ್ರದ ಮೇಡಂ ಎದ್ದು ಬಂದು ಕೊನೆಯ ಬಾಟಲಿ ಎತ್ತಿ ಬೆಳಕಿಗೆ ಹಿಡಿದರು. "ಏನ್ರೀ ಇದು, ಇಷ್ಟು ಬೆಳ್ಳಗೆ? ಚಿಪ್ಪಿನ ಚೂರಲ್ವಾ?" ಅಂದರು. ನಾನು ಮೇಷ್ಟ್ರನ್ನು ನೋಡಿದೆ, ಮೇಷ್ಟ್ರು ಸೂರು ನೋಡಿದರು. ಇಬ್ಬರೂ ಉತ್ತರ ಕೊಡುವಂತಿಲ್ಲ. ನೀರು ಪರೀಕ್ಷೆಯವರು ಬಂದು, "ಯಾವ ವರ್ಷದಿಂದ?" ಎಂದು ಚೀಟಿ ಓದಿದರು. "ಅದೇ ವರ್ಷ ನಮ್ಮ ನೀರಿನ ಲೆಕ್ಕ ಏರುಪೇರಾಗಿದ್ದು. ಯಂತ್ರ ಕೆಟ್ಟಿದೆ ಅಂದ್ಕೊಂಡಿದ್ವಿ." "ಚಿಪ್ಪಿನ ಸಂದಿಯಲ್ಲಿ ಮೇಯೋ ಮೀನು ನಮ್ಮಲ್ಲಿ ಕಮ್ಮಿಯಾಗಿದ್ದೂ ಆಗಲೇ" ಅಂದರು ಮೇಡಂ. ಪಾಚಿಯ ಹಿರಿಯರು ಗಂಟೆ ಕೆಳಗಿಟ್ಟು, "ಬೋಳು ಬಂಡೆ ಸಿಕ್ಕಿದ್ದಕ್ಕೇ ನಮ್ಮ ಪಾಚಿ ಹಾಗೆ ಹಬ್ಬಿದ್ದು!" ಅಂದರು.

ಅಕ್ಕ, ಇಷ್ಟು ವರ್ಷದಲ್ಲಿ ಮೊದಲ ಸಲ ಐವರೂ ಒಂದೇ ಮೇಜಿನ ಸುತ್ತ ನಿಂತಿದ್ದೆವು. ಯಾರ ಕೈಯಲ್ಲೂ ಚೀಟಿ ಇರಲಿಲ್ಲ. ಪಕ್ಕದವರ ಕಡಲು ನಮ್ಮದೇ ಕಡಲು ಅಂತ ಬಾಯಿಮಾತಿಗೆ ಎಲ್ಲರೂ ಹೇಳುತ್ತೇವೆ, ಅವತ್ತು ಅದು ನಮ್ಮ ಕಣ್ಣಿಗೆ ಕಂಡಿತು. ಮತಕ್ಕೆ ಹಾಕಿದಾಗ ಮೊದಲ ವಿಷಯ: ನದಿ ಬಾಯಿಯ ಮರಳು, ಐದೂ ಕೇಂದ್ರ ಸೇರಿ. ಚಿಪ್ಪು ಪ್ರತ್ಯೇಕ ವಿಷಯವಾಗಿ ನಾಲ್ಕನೆಯದಾಯಿತು, ಪಟ್ಟಿಯಿಂದ ಹೊರಗೆ. ನಾನು ಮೇಷ್ಟ್ರ ಹತ್ತಿರ ಹೋದೆ. "ನಂದೇ ವಾದದಿಂದ ನಾನೇ ಸೋತೆ. ಚೆನ್ನಾಗೇ ವಾದಿಸಿರಬೇಕು" ಅಂದು ಜೇಬಿನಿಂದ ಒಂದು ಡಬ್ಬಿ ತೆಗೆದು ಕೊಟ್ಟರು. ಒಳಗೆ ಹೊಸ ಕನ್ನಡಕ. ಡಬ್ಬಿಯ ಮೇಲೆ ಚೀಟಿ: 'ಕೂರಬೇಡಿ'.

ಬರುವ ಭಾನುವಾರ ಅವರು ಇಲ್ಲಿಗೆ ಬರುತ್ತಾರೆ. ಬಾಟಲಿಗಳನ್ನು ಎರಡೂ ಕ್ರಮದಲ್ಲಿ ನೋಡುವಂತೆ ಹೊಸ ಕಪಾಟು ಮಾಡಿಸಬೇಕಂತೆ. ಅದಕ್ಕೆ ಭಾನುವಾರವೇ ಯಾಕೆ ಬೇಕು ಎಂದು ನಾನೂ ಕೇಳಲಿಲ್ಲ, ಅವರೂ ಹೇಳಲಿಲ್ಲ. ಅಮ್ಮನಿಗೆ ಇಷ್ಟು ಸಾಕು.

ಒಂದು ಮಾತು ಕೇಳಲೇಬೇಕು. ಮತ ಎಣಿಸಿದ ಮೇಲೆ ನಿನ್ನನ್ನು ಒಳಗೆ ಕರೆಯಲು ಬಾಗಿಲು ತೆಗೆದವಳು ನಾನು. ನೀನೂ ಆ ಕಟ್ಟಡದ ಕಾವಲುಗಾರನೂ ಕಾರಿಡಾರಿನ ನಡುವೆ ಒಂದೊಂದು ಕೈ ಮೇಲೆತ್ತಿಕೊಂಡು ನಿಂತಿದ್ದಿರಿ. ನನ್ನನ್ನು ನೋಡಿದ ಕೂಡಲೇ ಇಬ್ಬರೂ ಇಳಿಸಿದಿರಿ. "ಲೈಟು ನೋಡ್ತಿದ್ವಿ" ಅಂದೆ. ಹಾಡುಹಗಲಲ್ಲಿ ಯಾವ ಲೈಟು?

ಕೋಪ ಇಳಿದಿರುವ
ನಿನ್ನ ತಂಗಿ

•

ಏಪ್ರಿಲ್ ೨೧

ಪುಟ್ಟೀ,

ಈಗ ಪಟ್ಟಿಗೆ ಎಲ್ಲರ ಸಹಿಯೂ ಬಿದ್ದು ಮೇಲಿನವರ ಒಪ್ಪಿಗೆಯೂ ಬಂದಾಯಿತು, ನಿನ್ನ ಕೇಂದ್ರವನ್ನು ಇನ್ನು ಯಾರೂ ಅಲ್ಲಾಡಿಸಲಾರರು. ಹಾಗಾಗಿ ಹೇಳಬಹುದು.

ಹೊರಗೆ ಬಂದವಳು ಕಾರಿಡಾರಿನ ಬೆಂಚಿನ ಮೇಲೆ ಕೂತೆ. ಬಾಗಿಲಿಗೆ ಕಿವಿ ಕೊಡಬಾರದು ಎಂದು ಅತ್ತ ತುದಿಗೆ ಸರಿದೆ. ಒಳಗಿಂದ ಸದ್ದೇ ಇಲ್ಲ. ಮೇಷ್ಟ್ರು ಯಾಕೆ ಮಾತಾಡುತ್ತಿಲ್ಲ, ಮರೆತರಾ, ಕೈ ಕೊಟ್ಟರಾ ಎಂದು ನನ್ನ ಪ್ರಾಣ ಹೋಗುತ್ತಿತ್ತು. ಕಾವಲುಗಾರ ಬಂದು, "ಯಾಕೆ ಮೇಡಂ, ಹುಷಾರಿಲ್ವಾ?" ಎಂದು ಕೇಳಿದ. ಅವನು ಕೇಳಿದ್ದು ಅಷ್ಟೇ. ನಾನು ಶುರುಮಾಡಿಬಿಟ್ಟೆ. ನದಿ ಬಾಯಿ ಎಲ್ಲಿದೆ, ಅಲ್ಲಿ ಮರಳು ಹೇಗೆ ಸರಿಯುತ್ತದೆ, ಎಂಟು ವರ್ಷದಿಂದ ನೀನು ಪ್ರತಿ ತಿಂಗಳು ಹೇಗೆ ಮೊಣಕಾಲು ನೀರಿನಲ್ಲಿ ನಿಂತು ಬಾಟಲಿ ತುಂಬುತ್ತೀಯ, ಜ್ವರ ಬಂದ ತಿಂಗಳೂ ಹೇಗೆ ಬಿಡಲಿಲ್ಲ, ಆ ಕೇಂದ್ರ ಮುಚ್ಚಿದರೆ ಈ ತೀರ ಏನು ಕಳೆದುಕೊಳ್ಳುತ್ತದೆ, ಎಲ್ಲ. ನಾಲ್ಕು ತಿಂಗಳಿಂದ ನುಂಗಿಕೊಂಡಿದ್ದನ್ನೆಲ್ಲ ಅವನ ಮುಂದೆ ಸುರಿದೆ. ಗಂಟೆ ಬಾರಿಸುವವರು ಯಾರೂ ಇರಲಿಲ್ಲ. ಕೊನೆಗೆ ಅಳುತ್ತಿದ್ದೆ ಪುಟ್ಟಿ, ಈ ವಯಸ್ಸಿನಲ್ಲಿ, ಆಫೀಸಿನ ಕಾರಿಡಾರಿನಲ್ಲಿ.

ಅವನು ಪೂರ್ತಿ ಕೇಳಿದ. "ಇಷ್ಟು ಚೆನ್ನಾಗಿ ಹೇಳ್ತೀರ, ಒಳಗೆ ಹೋಗಿ ಹೇಳಬಾರದಾ?" ಎಂದ.

"ಆಗಲ್ಲಪ್ಪ, ನಾನು ಅವಳ ಅಕ್ಕ" ಎಂದೆ.

ಅವನು ಮುಚ್ಚಿದ ಬಾಗಿಲ ಕಡೆ ನೋಡಿದ. "ಒಳಗೆ ಓಟು ಹೇಗೆ ಹಾಕ್ತಾರೆ? ಕೈ ಎತ್ತಿಯಾ?" ಎಂದ. ಹೌದು ಎಂದೆ. ಟೋಪಿ ತೆಗೆದು ಕಂಕುಳಿಗೆ ಸಿಕ್ಕಿಸಿಕೊಂಡು, ನೆಟ್ಟಗೆ ನಿಂತು, ಕೈ ಎತ್ತಿದ. ನಾನೂ ಎದ್ದು ನಿಂತು ಎತ್ತಿದೆ. ಆಗಲೇ ನೀನು ಬಾಗಿಲು ತೆಗೆದದ್ದು.

ನಿನ್ನ ಅಕ್ಕ